ಸಾಬೂನು ನೆಕ್ಕಿದ ಗಾಣಿಗ

"ಬುದ್ಧಿ, ನೀವು ಹೇಳಿಕೊಟ್ಟ ಹಾಗೆಯೇ ನಡೆದೆ. ಆದರೂ ತಪ್ಪಾಯಿತು. ಇದು ಹೇಗೆ?"

ಕೇಳಿದವನು ಕೊಟ್ರಯ್ಯ. ಮಠಕ್ಕೆ ಸೇರಿ ಮೂರು ವರ್ಷವಾಗಿದ್ದ ಶಿಷ್ಯ. ಓದಿನಲ್ಲಿ ಹಿಂದೆ, ನಗಿಸುವುದರಲ್ಲಿ ಮುಂದೆ. ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಗುರುಗಳ ಕಾವಿಬಟ್ಟೆ ಹಾಸಿಕೊಂಡು ಸಾಬೂನು ಉಜ್ಜುತ್ತಿದ್ದ. ತುಂಬಾ ಹೊತ್ತಿನಿಂದ ಒಂದೇ ಕಡೆ ಉಜ್ಜುತ್ತಿದ್ದ. ಅಲ್ಲಿ ಕೊಳೆ ಹೋಗಿ ಆಗಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಬಟ್ಟೆಯೂ ಹೋಗುತ್ತಿತ್ತು.

ಗುರುಗಳು ಬೇವಿನ ಮರದ ಕೆಳಗೆ ಕುಳಿತಿದ್ದರು.

"ನಾನು ಏನು ಹೇಳಿಕೊಟ್ಟಿದ್ದೆ?"

"ಇನ್ನೊಬ್ಬರಿಗೆ ಏನು ಮಾಡುವುದಿದ್ದರೂ ಮೊದಲು ನಿನಗೇ ಮಾಡಿ ನೋಡು ಅಂದಿರಿ. ನೋವಾದರೆ ಬಿಡು, ಆಗದಿದ್ದರೆ ಮಾಡು ಅಂದಿರಿ."

"ಹೌದು, ಅಂದಿದ್ದೆ."

"ಮಾಡಿ ನೋಡಿದೆ ಬುದ್ಧಿ. ನೋವಾಗಲಿಲ್ಲ. ಆಮೇಲೆಯೇ ಮಾಡಿದ್ದು."

ನಡೆದದ್ದು ಇಷ್ಟು. ಕೊಟ್ರಯ್ಯನ ಜೊತೆಗೇ ಮಠಕ್ಕೆ ಬಂದವನು ಸೋಮಲಿಂಗ. ಇಬ್ಬರಿಗೂ ಒಂದೇ ಕೋಣೆ, ಒಂದೇ ಚಾಪೆ. ಸೋಮವಾರದ ಪ್ರಾರ್ಥನೆಯನ್ನು ಸೋಮಲಿಂಗನೇ ಹೇಳಿಕೊಡುತ್ತಿದ್ದ. ಹಾಡುವಾಗ ಅವನು ಕಣ್ಣು ಮುಚ್ಚುತ್ತಿದ್ದ. ಸ್ವರ ಮೂಗಿನಿಂದ ಬರುತ್ತಿತ್ತು. ಸ್ವರ ಏರಿದ ಹಾಗೆ ಅವನೂ ಹಿಮ್ಮಡಿ ಎತ್ತಿ ಏರುತ್ತಿದ್ದ. ಸ್ವರ ಇಳಿದರೆ ಅವನೂ ಇಳಿಯುತ್ತಿದ್ದ. ಇಂಥದ್ದನ್ನು ಕಣ್ಣೆದುರು ಇಟ್ಟುಕೊಂಡು ಕೊಟ್ರಯ್ಯ ಮೂರು ವರ್ಷ ಸುಮ್ಮನಿದ್ದದ್ದೇ ಹೆಚ್ಚು.

ಕಳೆದ ಸೋಮವಾರ ಪ್ರಾರ್ಥನೆ ಮುಗಿದು, ಭಕ್ತರು ಪ್ರಸಾದಕ್ಕೆ ಕುಳಿತಿದ್ದರು. ಕೊಟ್ರಯ್ಯ ಅವರ ಮುಂದೆ ನಿಂತು ಸೋಮಲಿಂಗನ ಹಾಗೆ ಹಾಡಿದ. ಕಣ್ಣು ಮುಚ್ಚಿದ. ಮೂಗಿನಲ್ಲಿ ಎಳೆದ. ಹಿಮ್ಮಡಿ ಎತ್ತಿ ಎತ್ತಿ ಕೊನೆಗೆ ಕುರ್ಚಿಯ ಮೇಲೆಯೇ ಹತ್ತಿಬಿಟ್ಟ.

"ಮಾಡುವ ಮುಂಚೆ ಅಡುಗೆಮನೆಯ ಈರಣ್ಣನಿಗೆ ಹೇಳಿದೆ ಬುದ್ಧಿ. ನಾನು ನಡೆಯುವ ಹಾಗೆ, ಮಾತಾಡುವ ಹಾಗೆ, ಪರೀಕ್ಷೆಯಲ್ಲಿ ಪೆನ್ನು ಕಚ್ಚಿಕೊಂಡು ಕೂತಿರುವ ಹಾಗೆ ಮಾಡಿ ತೋರಿಸು ಅಂದೆ. ಅವನು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದು ಚೂರೂ ನೋವಾಗಲಿಲ್ಲ. ಸಭೆಯಲ್ಲೂ ಎಲ್ಲರೂ ನಕ್ಕರು. ಜವಳಿ ಅಂಗಡಿಯವರಂತೂ ಕಣ್ಣೊರೆಸಿಕೊಂಡರು. ಸೋಮಲಿಂಗನೊಬ್ಬ ನಗಲಿಲ್ಲ."

ಅಂದಿನಿಂದ ಸೋಮಲಿಂಗ ಹಾಡಿರಲಿಲ್ಲ. ಕೊಟ್ರಯ್ಯನ ಜೊತೆ ಮಾತಾಡಿರಲಿಲ್ಲ. ಇವತ್ತು ಬೆಳಗ್ಗೆ ಬಟ್ಟೆಯ ಗಂಟು ಕಟ್ಟಿದ್ದ. ನಾಳೆ ಮೊದಲ ಬಸ್ಸಿಗೆ ಊರಿಗೆ ಹೊರಡುತ್ತೇನೆಂದು ಈರಣ್ಣನ ಹತ್ತಿರ ಹೇಳಿದ್ದ.

"ಅವನು ಹೋಗಿಬಿಡುತ್ತಾನೆ ಬುದ್ಧಿ. ನನಗೆ ತಲೆಯೇ ಓಡುತ್ತಿಲ್ಲ. ನನಗೆ ನಗು ಬಂದದ್ದು ಅವನಿಗೆ ಯಾಕೆ ಬರಲಿಲ್ಲ? ನಾನು ಮೋಸ ಮಾಡಲಿಲ್ಲ. ನೋಡಿಯೇ ಮಾಡಿದೆ. ಹಾಗಾದರೆ ತಪ್ಪು ನನ್ನದೋ, ನಗಲು ಬಾರದ ಅವನದೋ, ಇಲ್ಲಾ…"

"ಇಲ್ಲಾ, ಹೇಳಿಕೊಟ್ಟ ನನ್ನದೋ," ಎಂದರು ಗುರುಗಳು.

ಕೊಟ್ರಯ್ಯ ತಲೆ ತಗ್ಗಿಸಿ ಮತ್ತೆ ಅದೇ ಜಾಗದಲ್ಲಿ ಉಜ್ಜತೊಡಗಿದ.

"ಉಜ್ಜಿದ್ದು ಸಾಕು. ಕೈಯಲ್ಲಿರುವ ಸಾಬೂನು ಎಲ್ಲಿಯದು?"

"ಅಂಗಡಿಯದು ಬುದ್ಧಿ."

"ಅಂಗಡಿ ಇಲ್ಲದ ಕಾಲದಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದವರಿದ್ದರು. ಅಂಥವನೊಬ್ಬನ ಕತೆ ಹೇಳುತ್ತೇನೆ. ಕೂತುಕೋ."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಹೊಂಗೆಬೀಜದ ಎಣ್ಣೆ ತೆಗೆಯುತ್ತಿದ್ದ. ಮೈಯೆಲ್ಲ ಎಣ್ಣೆ, ಬಟ್ಟೆಯೆಲ್ಲ ಜಿಡ್ಡು. ಅವನು ಗೋಡೆಗೆ ಒರಗಿ ಎದ್ದು ಹೋದರೆ ಗೋಡೆಯ ಮೇಲೆ ಇನ್ನೊಬ್ಬ ಗಾಣಿಗ ಕುಳಿತಿರುತ್ತಿದ್ದ.

ಅವನ ಹೆಂಡತಿ ಶಾವಿಗೆ ಹೊಸೆಯುವುದರಲ್ಲಿ ಹೆಸರಾದವಳು. ಅಂಗೈಯಲ್ಲಿ ಹಿಟ್ಟು ತೀಡಿದರೆ ಕೂದಲಿನಂಥ ಎಳೆ ಬರುತ್ತಿತ್ತು. ಸುತ್ತಲಿನ ಊರುಗಳಲ್ಲಿ ಮದುವೆ ಗೊತ್ತಾದರೆ ಚಪ್ಪರಕ್ಕಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಉಳಿದ ಹೊತ್ತಿನಲ್ಲಿ ಅವಳು ಗಂಡನ ಬಟ್ಟೆ ಒಗೆಯುತ್ತಿದ್ದಳು. ಅಂಟುವಾಳದ ಕಾಯಿ ಹಾಕಿ ನೋಡಿದಳು. ಚೌಳು ಮಣ್ಣು ಹಾಕಿ ನೋಡಿದಳು. ಜಿಡ್ಡು ಜಗ್ಗಲಿಲ್ಲ.

"ಗಾಣದ ತಳದಲ್ಲಿ ಇಷ್ಟೊಂದು ಎಣ್ಣೆಯ ಮಡ್ಡಿ ಸುಮ್ಮನೆ ಹಾಳಾಗುತ್ತದೆ. ಅದರಿಂದ ಸಾಬೂನು ಮಾಡುತ್ತಾರಂತೆ. ಕಲಿತುಕೊಂಡು ಬರುತ್ತೇನೆ," ಎಂದ ಗಾಣಿಗ.

"ಎಣ್ಣೆಯ ಜಿಡ್ಡು ತೆಗೆಯಲು ಎಣ್ಣೆಯನ್ನೇ ಹಚ್ಚುವುದಾ? ಸರಿ, ಹೋಗಿ ಬನ್ನಿ," ಎಂದಳು ಹೆಂಡತಿ. ನಂಬಿಕೆ ಇರಲಿಲ್ಲ. ಆದರೂ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು.

ಎರಡು ಹರದಾರಿ ದೂರದ ಊರಿನಲ್ಲಿ ಮಡಿವಾಳರ ಮನೆಯ ಅಜ್ಜಿಯೊಬ್ಬಳಿದ್ದಳು. ಗಾಣಿಗ ಅವಳ ಮುಂದೆ ಕುಳಿತು ಕೇಳಿದ. ಅಜ್ಜಿ ಮುಚ್ಚುಮರೆ ಇಲ್ಲದೆ ಹೇಳಿಕೊಟ್ಟಳು. ತಳದಲ್ಲಿ ತೂತಿರುವ ಗಡಿಗೆಗೆ ಹುಲ್ಲು ಹಾಸಬೇಕು. ಅದರ ಮೇಲೆ ಕಟ್ಟಿಗೆಯ ಬೂದಿ ತುಂಬಿ, ಸುಣ್ಣ ಬೆರೆಸಿ, ನೀರು ಹೊಯ್ಯಬೇಕು. ಕೆಳಗೆ ತೊಟ್ಟಿಕ್ಕುವ ತಿಳಿಯನ್ನು ಹಿಡಿದುಕೊಳ್ಳಬೇಕು. ಅದು ನೋಡಲು ನೀರಿನ ಹಾಗೆ ಇರುತ್ತದೆ, ಬೆರಳು ಅದ್ದಿದರೆ ಚರ್ಮ ಸುಲಿಯುತ್ತದೆ. ಎಣ್ಣೆ ಕಾಯಿಸಿ, ಆ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಹೊಯ್ದು ತಿರುವಬೇಕು. ಗಂಜಿಯ ಹದಕ್ಕೆ ಬಂದಾಗ ಒಂದು ಹಿಡಿ ಉಪ್ಪು ಹಾಕಿ, ತೆಂಗಿನ ಚಿಪ್ಪಿಗೆ ತುಂಬಿ, ನಲವತ್ತು ದಿನ ನೆರಳಿನಲ್ಲಿ ಇಡಬೇಕು.

"ನಲವತ್ತು ದಿನ ಯಾಕಜ್ಜಿ? ಗಟ್ಟಿಯಾದರೆ ಆಯಿತಲ್ಲ?"

"ಗಟ್ಟಿಯಾಗುವುದೇ ಬೇರೆ, ಪಕ್ವವಾಗುವುದೇ ಬೇರೆ. ಹಸಿ ಸಾಬೂನು ಕೊಳೆ ಬಿಟ್ಟು ಕೈ ತಿನ್ನುತ್ತದೆ."

"ಪಕ್ವವಾಯಿತು ಅಂತ ಗೊತ್ತಾಗುವುದು ಹೇಗೆ?"

"ನಾಲಿಗೆಯ ತುದಿಗೆ ಮುಟ್ಟಿಸು. ಚುರ್ ಅಂದರೆ ಹಸಿ. ಸುಮ್ಮನಿದ್ದರೆ ಪಕ್ವ. ಮಾಡಿದವರ ನಾಲಿಗೆಗೆ ತಾಗುವ ಮುಂಚೆ ಇನ್ನೊಬ್ಬರ ಕೈಗೆ ಕೊಡಬಾರದು. ಇದು ನಮ್ಮ ಮನೆಯ ಕಟ್ಟಳೆ."

ಕತೆ ಇಲ್ಲಿಗೆ ಬಂದಾಗ ಕೊಟ್ರಯ್ಯನ ಮುಖ ಅರಳಿತು. "ನೋಡಿದಿರಾ ಬುದ್ಧಿ, ಇದೂ ನಿಮ್ಮ ಮಾತೇ! ಮೊದಲು ನಿನಗೇ ಮಾಡಿ ನೋಡು ಅಂತ."

"ಅದೇ ಮಾತು," ಎಂದರು ಗುರುಗಳು. ಕತೆ ಮುಂದುವರಿಯಿತು.

ಗಾಣಿಗ ಮನೆಗೆ ಬಂದು ಹೇಳಿದಂತೆಯೇ ಮಾಡಿದ. ಮೊದಲ ದಿನ ನಾಲಿಗೆಗೆ ಮುಟ್ಟಿಸಿದ. ಮರುಕ್ಷಣವೇ ಅಂಗಳದಲ್ಲಿ ಕುಣಿದ. ಒಂದು ಚೆಂಬು ಮಜ್ಜಿಗೆ ಕುಡಿದ ಮೇಲೆ ಕುಣಿತ ನಿಂತಿತು. ಹತ್ತನೆಯ ದಿನ ಕುಣಿಯಲಿಲ್ಲ, ಕಣ್ಣಲ್ಲಿ ನೀರು ಬಂತು. ಇಪ್ಪತ್ತೈದನೆಯ ದಿನ ಮುಖ ಸಿಂಡರಿಸಿದ. ನಲವತ್ತನೆಯ ದಿನ ನಾಲಿಗೆ ಸುಮ್ಮನಿತ್ತು. ಆಗ ಹೆಂಡತಿಯ ಕೈಗೆ ಕೊಟ್ಟ.

ಅವಳು ಅವನ ಅಂಗಿಗೆ ಹಚ್ಚಿ ಒಗೆದಳು. ಕರೀ ನೀರು ಹರಿಯಿತು. ಅಂಗಿ ನೀಲಿ ಬಣ್ಣದ್ದೆಂದು ಅಂದು ಊರಿಗೆಲ್ಲ ಗೊತ್ತಾಯಿತು. ಗಾಣಿಗನಿಗೂ ಆಗಲೇ ಗೊತ್ತಾದದ್ದು.

ಸುದ್ದಿ ಹಬ್ಬಿತು. ನೀಲಿ ಅಂಗಿ ನೋಡಲು ಜನ ಬಂದರು. ಬಂದವರನ್ನು ಗಾಣಿಗ ಜಗಲಿಯ ಮೇಲೆ ಕೂರಿಸಿ ಎಲೆ ಅಡಿಕೆಯ ತಟ್ಟೆ ಮುಂದಿಟ್ಟ. ಬಂದವರು ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟುಕೊಂಡು, "ಭೇಷ್, ಎಂಥಾ ಸಾಬೂನು ಮಾಡಿದೆಯಪ್ಪ!" ಎನ್ನುವರು. ಅವರು ಹಾಕಿಕೊಂಡ ಮೇಲೆ ಮನೆಯವನು ಹಾಕಿಕೊಳ್ಳದಿದ್ದರೆ ಹೇಗೆ? ಅವನೂ ಒಂದು ಮಡಚುವನು. ಊಟದ ಮೇಲೆ ಒಂದು ಎಲೆ ಹಾಕುತ್ತಿದ್ದವನು ಬಂದವರಿಗೊಂದರಂತೆ ಹಾಕತೊಡಗಿದ. ಹೊಗಳುವವರು ಹೆಚ್ಚಿದ ಹಾಗೆ ಎಲೆಯೂ ಹೆಚ್ಚಿತು. ಸುಣ್ಣವೂ ಹೆಚ್ಚಿತು.

ಕೆಲವರು ಬಂದು ಹೋದರು. ನಾಲ್ವರು ಹೋಗಲೇ ಇಲ್ಲ. ಒಬ್ಬ ಬಡಗಿ, ಒಬ್ಬ ಕುಂಬಾರ, ಒಬ್ಬ ಬಳೆಗಾರ, ಒಬ್ಬ ಶಾನುಭೋಗ. ದಿನವೂ ಬೆಳಗಾದರೆ ಅವರು ಜಗಲಿಯಲ್ಲಿ ಹಾಜರು. ಗಾಣಿಗನೂ ಸೇರಿ ಐವರ ಬಾಯಿಯೂ ಸಂಜೆಯ ತನಕ ಕೆಂಪಗೆ ಆಡುತ್ತಿತ್ತು.

ಹೀಗೆ ಆರು ತಿಂಗಳು ಕಳೆಯಿತು. ಮದುವೆಯ ಕಾಲ ಹತ್ತಿರ ಬಂತು. ಮನೆಯಲ್ಲಿ ಸಾಬೂನು ಮುಗಿದಿತ್ತು. ಗಾಣಿಗ ಎರಡನೆಯ ಸಲ ಗಡಿಗೆ ಹೂಡಿದ. ಕೈ ಪಳಗಿದೆ ಎಂಬ ಧೈರ್ಯ. ಸುಣ್ಣವನ್ನು ಅಳೆಯಲಿಲ್ಲ. ಇನ್ನೂ ಚೆನ್ನಾಗಿ ಬರಲಿ ಎಂದು ಒಂದು ಬೊಗಸೆ ಹೆಚ್ಚಿಗೆ ಹಾಕಿದ. ಚಿಪ್ಪಿಗೆ ತುಂಬಿ ನೆರಳಿಗಿಟ್ಟ.

ಎಂಟನೆಯ ದಿನ ನಾಲಿಗೆಗೆ ಮುಟ್ಟಿಸಿದ. ಕುಣಿಯಲು ಸಿದ್ಧನಾಗಿ ಮಜ್ಜಿಗೆಯ ಚೆಂಬನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದ.

ಏನೂ ಆಗಲಿಲ್ಲ.

ಇನ್ನೊಂದು ಸಲ ಮುಟ್ಟಿಸಿದ. ಆಮೇಲೆ ಪೂರ್ತಿ ನೆಕ್ಕಿದ. ನಾಲಿಗೆ ಸುಮ್ಮನಿತ್ತು. ಗಾಣಿಗನಿಗೆ ಆಶ್ಚರ್ಯವಾಯಿತು. ಆಮೇಲೆ ಹೆಮ್ಮೆಯಾಯಿತು. ಅಜ್ಜಿಗೆ ನಲವತ್ತು ದಿನ ಹಿಡಿಯುವ ಕೆಲಸ ತನ್ನ ಕೈಯಲ್ಲಿ ಎಂಟೇ ದಿನಕ್ಕೆ ಮುಗಿಯಿತಲ್ಲ! ಮಜ್ಜಿಗೆಯನ್ನು ಸಂತೋಷಕ್ಕೆ ಕುಡಿದ. ಕಟ್ಟಳೆ ಮುಗಿದಿತ್ತು, ಸಾಬೂನನ್ನು ಹೆಂಡತಿಗೆ ಕೊಟ್ಟ.

ಅಂದು ಬಟ್ಟೆ ಒಗೆದು ಬಂದವಳು ಹೇಳಿದಳು: "ಏನ್ರೀ, ಈ ಸಲದ ಸಾಬೂನಿಗೆ ಕೈ ಉರಿಯುತ್ತದೆ."

"ಉರಿಯುತ್ತದಾ? ನಾನು ನೆಕ್ಕಿ ನೋಡಿಯೇ ಕೊಟ್ಟದ್ದು. ಬೆಳಗ್ಗೆ ಮೆಣಸಿನಕಾಯಿ ಕುಟ್ಟಿದ್ದೆಯಾ?"

"ಕುಟ್ಟಿದ್ದೆ."

"ಅದಕ್ಕೇ."

ಇರಬಹುದು ಎಂದುಕೊಂಡಳು. ಎರಡು ದಿನ ಮೆಣಸಿನಕಾಯಿ ಮುಟ್ಟಲಿಲ್ಲ. ಮೂರನೆಯ ದಿನ ಒಗೆದು ಬಂದು, "ಇವತ್ತೂ ಉರಿಯಿತು," ಎಂದಳು.

ಗಾಣಿಗ ಗೊಂದಲಕ್ಕೆ ಬಿದ್ದ. ಸಾಬೂನನ್ನು ತೆಗೆದುಕೊಂಡು ಅವಳ ಎದುರಿಗೇ ನೆಕ್ಕಿದ. ಸುಳ್ಳು ಹೇಳುವವನು ಸಾಬೂನು ನೆಕ್ಕುವುದಿಲ್ಲ. ಅವನು ನಿಜವಾಗಿಯೂ ತಿಳಿದುಕೊಳ್ಳಲು ನೆಕ್ಕಿದ. ಏನೂ ಇಲ್ಲ. ನಾಲಿಗೆಯೊಂದರ ಮಾತು ಸಾಲದೆಂದು ಕೈಗೂ ಹಚ್ಚಿಕೊಂಡ. ಮೂವತ್ತು ವರ್ಷ ಎಣ್ಣೆ ಕುಡಿದ ಕೈ. ಸಾಬೂನು ಆ ಎಣ್ಣೆಯ ಮೇಲೆಯೇ ಜಾರಿ ನೊರೆಯಾಗಿ ಹೋಯಿತು. ಚರ್ಮದವರೆಗೆ ಇಳಿಯಲೇ ಇಲ್ಲ.

"ನೋಡು. ನಾಲಿಗೆಗೂ ಇಲ್ಲ, ಕೈಗೂ ಇಲ್ಲ. ಬಾವಿಯ ನೀರೇ ಕೆಟ್ಟಿರಬೇಕು."

ಅವಳು ನೋಡಿದಳು. ಅವನ ಕೈ ನೆಟ್ಟಗಿತ್ತು. ತನ್ನ ಕೈ ಉರಿಯುತ್ತಿತ್ತು. ಎರಡೂ ಕಣ್ಣಿಗೆ ಕಾಣುವ ಸಂಗತಿ. ಅವಳಿಗೂ ಏನೂ ತಿಳಿಯಲಿಲ್ಲ. ಮರುದಿನ ಇನ್ನೊಂದು ಬಾವಿಯಿಂದ ನೀರು ಹೊತ್ತು ತಂದು ಒಗೆದಳು.

ಮೂರನೆಯ ಸಲ ಅವಳು ಹೇಳಿದ್ದು ಜಗಲಿಯ ನಾಲ್ವರಿಗೂ ಕೇಳಿಸಿತು.

"ಏನಂತೆ?" ಎಂದ ಬಡಗಿ.

"ಸಾಬೂನು ಉರಿಯುತ್ತದಂತೆ."

"ತಾ ಇಲ್ಲಿ," ಎಂದ ಕುಂಬಾರ. ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು ನೆಕ್ಕಿದ. "ಏನೂ ಇಲ್ಲವಲ್ಲಪ್ಪ!"

ಬಡಗಿ ನೆಕ್ಕಿದ. ಬಳೆಗಾರ ನೆಕ್ಕಿದ. ಶಾನುಭೋಗ ಮೊದಲು ಸಾಬೂನನ್ನು ಬೆಳಕಿಗೆ ಹಿಡಿದು ಓದುವವನಂತೆ ನೋಡಿದ, ಆಮೇಲೆ ಅವನೂ ನೆಕ್ಕಿದ.

"ಸ್ವಲ್ಪ ಸಪ್ಪೆಯೇ ಆಯಿತು," ಎಂದ ಶಾನುಭೋಗ.

ನಾಲ್ವರೂ ನಕ್ಕರು. ಗಾಣಿಗನೂ ನಕ್ಕ. ಐದು ನಾಲಿಗೆಗಳು ಒಂದೇ ಮಾತು ಹೇಳಿದ ಮೇಲೆ ಎರಡು ಕೈಗಳ ಮಾತಿಗೆ ಬೆಲೆ ಎಲ್ಲಿಯದು?

"ತಂಗೀ, ನಿನ್ನ ಕೈ ಶಾವಿಗೆ ಹೊಸೆದು ಹೊಸೆದು ನಾಜೂಕಾಗಿದೆ. ನಾಲ್ಕು ದಿನ ಒಗೆದರೆ ರೂಢಿಯಾಗುತ್ತದೆ," ಎಂದ ಬಳೆಗಾರ.

ಅವಳು ಒಳಗೆ ಹೋಗಿ ಬೆರಳುಗಳಿಗೆ ಹಳೆಯ ಬಟ್ಟೆಯ ಚಿಂದಿ ಸುತ್ತಿಕೊಂಡಳು. ಮರುದಿನವೂ ಒಗೆದಳು. ಅದರ ಮರುದಿನವೂ ಒಗೆದಳು. ಉರಿಯುತ್ತದೆ ಎಂದು ಹೇಳುವುದನ್ನು ಬಿಟ್ಟಳು. ಹೇಳುವುದು ನಿಂತದ್ದರಿಂದ ಉರಿಯೂ ನಿಂತಿತೆಂದು ಗಾಣಿಗ ತಿಳಿದ. ಬಳೆಗಾರ ಹೇಳಿದ್ದು ನಿಜವೆಂದು ಅವನಿಗೆ ಒಂದು ಎಲೆ ಹೆಚ್ಚಿಗೆ ಮಡಚಿ ಕೊಟ್ಟ.

ಒಂದು ವಾರ ಕಳೆಯಿತು. ಪಕ್ಕದ ಊರಿನಿಂದ ಮದುವೆಮನೆಯ ಹಿರಿಯ ಹೆಂಗಸೊಬ್ಬಳು ಬಂದಳು. ಗಾಣಿಗನ ಹೆಂಡತಿ ಬಾಗಿಲಲ್ಲಿ ನಿಂತಳು.

"ಏನವ್ವಾ, ಗೋದಿ ರವೆ ಯಾವತ್ತು ಕಳಿಸಲಿ? ಹುಡುಗಿಯ ಮದುವೆ ಮುಂದಿನ ತಿಂಗಳು. ಶಾವಿಗೆ ನಿನ್ನ ಕೈಯದೇ ಆಗಬೇಕು."

"ಈ ಸಲ ಆಗುವುದಿಲ್ಲ ಅತ್ತೆ. ಬೇರೆ ಯಾರಿಗಾದರೂ ಹೇಳಿ."

"ಅದು ಯಾಕವ್ವಾ? ಅವಳ ಅಕ್ಕನ ಮದುವೆಗೂ ನೀನೇ ಮಾಡಿಕೊಟ್ಟಿದ್ದೆ."

"ಆಗುವುದಿಲ್ಲ."

ಎರಡೂ ಕೈಗಳನ್ನು ಅವಳು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಬಂದವಳಿಗೆ ಕುಂಕುಮ ಕೊಡಲೂ ಕೈ ಹೊರಗೆ ತೆಗೆಯಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಭರಣಿಯನ್ನು ಕಣ್ಣಿನಿಂದಲೇ ತೋರಿಸಿ, "ನೀವೇ ಇಟ್ಟುಕೊಳ್ಳಿ ಅತ್ತೆ," ಎಂದಳು.

ಗಾಣಿಗ ಜಗಲಿಯಿಂದ ಇದನ್ನೆಲ್ಲ ಕಂಡ. ಮದುವೆಯ ಶಾವಿಗೆಗೆ ಹೆಂಡತಿ ಆಗುವುದಿಲ್ಲ ಎಂದದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಐದು ನಾಲಿಗೆಗಳು ಸುಳ್ಳು ಹೇಳಿಲ್ಲ. ಅವಳೂ ಸುಳ್ಳು ಹೇಳುವವಳಲ್ಲ. ಹಾಗಾದರೆ ಇದು ಏನು? ಯೋಚಿಸಿದಷ್ಟೂ ತಲೆ ಗಾಣದ ಎತ್ತಿನಂತೆ ಸುತ್ತಿತೇ ಹೊರತು ಎಲ್ಲಿಗೂ ಮುಟ್ಟಲಿಲ್ಲ. ಅವನು ಎದ್ದ. ಒಂದು ಸಾಬೂನನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡ. ಎರಡು ಹರದಾರಿ ಬಿರಬಿರನೆ ನಡೆದು ಅಜ್ಜಿಯ ಮುಂದೆ ಹೋಗಿ ನಿಂತ.

"ಅಜ್ಜಿ, ನೀನು ಹೇಳಿದ ಕಟ್ಟಳೆಯ ಹಾಗೆಯೇ ಮಾಡಿದೆ. ನಾಲಿಗೆಗೆ ಮುಟ್ಟಿಸಿದೆ. ಒಂದು ಸಲವಲ್ಲ, ನೂರು ಸಲ. ನನಗೆ ಏನೂ ಆಗುವುದಿಲ್ಲ. ಹೆಂಡತಿಗೆ ಉರಿಯುತ್ತದಂತೆ. ಇದು ಹೇಗೆ?"

ಅಜ್ಜಿ ಸಾಬೂನನ್ನು ತೆಗೆದುಕೊಂಡು ನಾಲಿಗೆಯ ತುದಿಗೆ ಸೋಕಿಸಿದಳು. ಸೋಕಿಸಿದ್ದೇ ತಡ, ಥೂ ಎಂದು ಉಗುಳಿದಳು. ಮೂರು ಸಲ ಬಾಯಿ ಮುಕ್ಕಳಿಸಿದಳು. ಆಮೇಲೆ ಗಾಣಿಗನನ್ನು ಹತ್ತಿರ ಕರೆದಳು.

"ಬಾಯಿ ತೆಗಿ ಮಗಾ. ನಾಲಿಗೆ ಚಾಚು."

ಗಾಣಿಗ ಚಾಚಿದ. ನಾಲಿಗೆ ಹಳೆಯ ಚಪ್ಪಲಿಯ ಹಾಗಿತ್ತು.

"ದಿನಕ್ಕೆ ಎಷ್ಟು ಎಲೆ ಹಾಕುತ್ತೀಯಪ್ಪಾ?"

"ಇಷ್ಟೇ ಅಂತ ಇಲ್ಲ ಅಜ್ಜಿ. ಬಂದವರ ಜೊತೆ ಹಾಕುತ್ತೇನೆ."

"ಸುಣ್ಣ?"

"ಎಲೆಗೆ ಬೇಕಾದಷ್ಟು."

"ದಿನವೆಲ್ಲ ಸುಣ್ಣ ತಿನ್ನುವ ನಾಲಿಗೆಗೆ ಸಾಬೂನಿನ ಸುಣ್ಣ ಎಲ್ಲಿ ತಾಗುತ್ತದೆ? ನಲವತ್ತು ದಿನ ಅಂದಿದ್ದೆನಲ್ಲ?"

"ಎಂಟನೆಯ ದಿನವೇ ನಾಲಿಗೆ ಸುಮ್ಮನಿತ್ತು ಅಜ್ಜಿ."

"ಸುಮ್ಮನಿತ್ತೋ, ಸತ್ತಿತ್ತೋ?"

ಗಾಣಿಗ ತನ್ನ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಲ್ಲೇ ಕುಳಿತ. ಜಗಲಿಯ ನಾಲ್ವರ ನೆನಪಾಯಿತು. ಅವರ ಬಾಯಿಯೂ ನೆನಪಾಯಿತು. ಒಂದೇ ತಟ್ಟೆಯ ಸುಣ್ಣ ತಿಂದ ಐದು ನಾಲಿಗೆಗಳು ಒಂದೇ ಮಾತು ಹೇಳಿದ್ದರಲ್ಲಿ ಏನು ಆಶ್ಚರ್ಯ? ಆದರೂ ಅವನ ಗೊಂದಲ ಪೂರ್ತಿ ಹೋಗಲಿಲ್ಲ.

"ಅಜ್ಜಿ, ನನ್ನ ನಾಲಿಗೆ ಕೆಟ್ಟಿದೆ ಅಂತ ನನ್ನ ನಾಲಿಗೆಗೇ ಹೇಗೆ ಗೊತ್ತಾಗಬೇಕು? ನಾಲಿಗೆಯನ್ನು ಬಿಟ್ಟರೆ ನಾನು ಇನ್ನು ಯಾವುದರಿಂದ ನೋಡಬೇಕಿತ್ತು?"

ಅಜ್ಜಿ ಸಾಬೂನನ್ನು ಅವನ ಪಂಚೆಯ ತುದಿಗೇ ಮತ್ತೆ ಕಟ್ಟಿದಳು.

"ಹೆಂಡತಿ ಮನೆಯಲ್ಲಿ ಇದ್ದಾಳಾ?"

"ಇದ್ದಾಳೆ."

"ಅವಳು ಎಷ್ಟು ಸಲ ಹೇಳಿದಳು?"

"ಮೂರು ಸಲ."

"ಮತ್ತೆ ಇದನ್ನು ಕೇಳುವುದಕ್ಕೆ ಇಷ್ಟು ದೂರ ನಡೆದು ಬಂದೆಯಾ?"

ಗಾಣಿಗ ಎದ್ದ. ಬಂದ ದಾರಿಯಲ್ಲೇ ಮನೆಯ ಕಡೆಗೆ ಹೊರಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯ ಕಾದ. ಮುಂದೆ ಏನಾದರೂ ಬರುತ್ತದೆಂದು ಗುರುಗಳ ಮುಖ ನೋಡಿದ. ಬರಲಿಲ್ಲ. ಶಾನುಭೋಗ ಸಾಬೂನು ನೆಕ್ಕಿದಾಗ ಅವನಿಗೆ ನಗು ಬಂದಿತ್ತು. ಅಜ್ಜಿ ಬೈದಾಗ ಸ್ವಲ್ಪ ಹೆದರಿಕೆಯಾಗಿತ್ತು. ಈಗ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಸಾಬೂನಿನ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದು ಸಲ ನೆಕ್ಕಿ ನೋಡಲೇ ಎಂದೂ ಅನಿಸಿತು. ಗುರುಗಳು ನೋಡುತ್ತಿದ್ದರು, ಬಿಟ್ಟ.

"ಬುದ್ಧಿ, ಹಾಗಾದರೆ ತಪ್ಪು ಯಾರದು? ಗಾಣಿಗ ಕಟ್ಟಳೆ ಮುರಿಯಲಿಲ್ಲ. ನೆಕ್ಕಿಯೇ ಕೊಟ್ಟ. ಜಗಲಿಯವರೂ ಇದ್ದದ್ದನ್ನೇ ಹೇಳಿದರು. ತಪ್ಪು ಸುಣ್ಣದ್ದೋ, ಎಲೆಯದ್ದೋ? ಅಥವಾ ಮೊದಲ ದಿನವೇ ಅವನ ಬಾಯಿ ತೆಗೆಸಿ ನೋಡದ ಅಜ್ಜಿಯದ್ದೋ?"

ಗುರುಗಳು ಮಡಿಲಿಗೆ ಬಿದ್ದಿದ್ದ ಬೇವಿನ ಎಲೆಯನ್ನು ಕೊಡವಿದರು.

"ಹೋಗಲಿ ಬುದ್ಧಿ, ಉಳಿದ ಸಾಬೂನು ಏನಾಯಿತು? ಎಸೆದನೇ?"

"ಎಸೆಯಲಿಲ್ಲ. ನೆರಳಿನಲ್ಲಿಟ್ಟ. ಸುಣ್ಣ ಹೆಚ್ಚಾಗಿತ್ತು, ಎರಡು ತಿಂಗಳು ಹಿಡಿಯಿತು. ಪಕ್ವವಾಯಿತು. ಒಳ್ಳೆಯ ನೊರೆ ಬಂತು."

"ಎಲೆ ಹಾಕುವುದನ್ನು ಬಿಟ್ಟನೇ?"

"ಬಿಟ್ಟ."

"ಆ ನಾಲ್ವರು?"

"ತಟ್ಟೆ ಇಲ್ಲದ ಜಗಲಿಗೆ ಅವರು ಯಾಕೆ ಬರುತ್ತಾರೆ? ಬೇರೆ ಜಗಲಿ ಹುಡುಕಿಕೊಂಡರು."

ಕೊಟ್ರಯ್ಯ ನಕ್ಕ. ಒಂದೊಂದೇ ಗಂಟು ಬಿಚ್ಚಿದ ಹಾಗೆ ಅನಿಸಿತು ಅವನಿಗೆ. ನಡುವೆ ಏನೋ ಒಂದು ಮಾತ್ರ ಬಿಚ್ಚದೆ ಉಳಿದಿತ್ತು. ಅದು ಯಾವುದೆಂದು ಹೊಳೆಯಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರೆ ಅದೂ ಬಿಚ್ಚುತ್ತದೆಂದುಕೊಂಡ.

"ಅವನ ನಾಲಿಗೆ ಬುದ್ಧಿ? ಮತ್ತೆ ಸರಿಹೋಯಿತೇ?"

"ಒಂದು ವರ್ಷಕ್ಕೆ ಸರಿಹೋಯಿತು. ಆಮೇಲೆ ಮಾಡಿದ ಸಾಬೂನಿಗೆ ಮೊದಲಿನ ಹಾಗೆಯೇ ಕುಣಿದ."

"ಸಾಬೂನು ಪಕ್ವವಾಯಿತು, ನಾಲಿಗೆ ಸರಿಹೋಯಿತು, ಕೆಟ್ಟ ಸಹವಾಸವೂ ತಪ್ಪಿತು. ಹಾಗಾದರೆ ಎಲ್ಲವೂ ನೆಟ್ಟಗಾಯಿತಲ್ಲ ಬುದ್ಧಿ!"

ಕೋಣೆಯ ಬಾಗಿಲಲ್ಲಿ ಸೋಮಲಿಂಗನ ಗಂಟು ಇತ್ತು. ಕುಳಿತಲ್ಲಿಂದಲೇ ಕೊಟ್ರಯ್ಯನಿಗೆ ಅದು ಕಾಣುತ್ತಿತ್ತು. ಅವನು ಆ ಕಡೆ ಒಮ್ಮೆ ನೋಡಿ, ಮತ್ತೆ ಗುರುಗಳ ಕಡೆ ತಿರುಗಿದ.

ಗುರುಗಳು ಹೇಳಿದರು:

"ಸಾಬೂನು ಏನಾಯಿತೆಂದು ಕೇಳಿದೆ, ನಾಲಿಗೆ ಏನಾಯಿತೆಂದು ಕೇಳಿದೆ, ಅವಳ ಕೈ ಏನಾಯಿತೆಂದು ನೀನು ಕೇಳಲೇ ಇಲ್ಲ ಕೊಟ್ರಯ್ಯ."